ವಾಡಿಯಲ್ಲಿ ಉಷ್ಣದೇಶದ ತಾಲೀಮು

"ಆಫ್ರಿಕಾದ ಬಿಸಲು ನನ್ನ ಒಂದ್ ಕೂದಲನೂ ಕೊಂಕಿಸಬಾರ್ದು, ಹಂಗ ತಯಾರಾಗ್ತೀನಿ ನೋಡ್ರಿ!"

ಅಮೃತಮ್ಮ ಅಡಿಗೆಮನೆಯ ಹೊಸ್ತಿಲ ಮೇಲೆ ನಿಂತು ಹೀಗೆ ಘೋಷಿಸಿದಾಗ ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆ. ಹಿಂದಿನ ಅಂಗಳದ ಫರಸಿಕಲ್ಲಿನ ಮೇಲೆ ಬರಿಗಾಲಿಟ್ಟರೆ ಚುರ್ ಎನ್ನುತ್ತಿತ್ತು. ತಂತಿಯ ಮೇಲೆ ಹಾಕಿದ ಸೀರೆಯ ಒಂದು ತುದಿ, ಇನ್ನೊಂದು ತುದಿಯನ್ನು ಹರವುವುದರೊಳಗೆ ಒಣಗಿ ಹಪ್ಪಳವಾಗುತ್ತಿತ್ತು. ಬೇವಿನ ಗಿಡದಲ್ಲಿ ಕಾಗೆಯೊಂದು ಬಾಯಿ ತೆರೆದು ಕೂತಿತ್ತು. ಕೂಗುವ ಮನಸ್ಸು ಅದಕ್ಕೂ ಇರಲಿಲ್ಲ. ಇಂಥ ಹೊತ್ತಿನಲ್ಲಿ, ಇಂಥ ಊರಿನಲ್ಲಿ ನಿಂತು ಒಬ್ಬ ಹೆಣ್ಣುಮಗಳು ಉಷ್ಣದೇಶಕ್ಕೆ ಮೈ ಒಗ್ಗಿಸಿಕೊಳ್ಳುವ ಮಹಾಸಂಕಲ್ಪ ಮಾಡಿದಳು ಎಂದರೆ ಮುಂದೆ ಯಾರೂ ನಂಬಲಿಲ್ಲ. ಆದರೆ ಮಾಡಿದ್ದು ನಿಜ.

"ಮದಲ ಹಂಚಿನ ಮ್ಯಾಲಿನ ರೊಟ್ಟಿ ತಿರುವು. ಕರಕಾಗ್ಲಿಕತ್ತದ," ಎಂದರು ಅತ್ತೆ ಮಹಾದೇವಮ್ಮ. ಅವರು ಗೋಡೆಗೆ ಒರಗಿ ಬೀಸಣಿಕೆ ಆಡಿಸುತ್ತಿದ್ದರು.

ಆದದ್ದಿಷ್ಟು. ಅಮೃತಮ್ಮನ ಗಂಡ ದೇವಿಂದ್ರಪ್ಪ ವಾಡಿಯ ಲೋಕೋ ಶೆಡ್ಡಿನಲ್ಲಿ ಫಿಟ್ಟರ್. ಕಲ್ಲಿದ್ದಲಿನ ಎಂಜಿನ್ನುಗಳ ಹೊಟ್ಟೆನೋವು, ಕೀಲುನೋವುಗಳನ್ನು ಸದ್ದು ಕೇಳಿಯೇ ಹೇಳಬಲ್ಲವನು. ಅದು ಸಾವಿರದೊಂಬೈನೂರ ಎಪ್ಪತ್ತೊಂಬತ್ತನೆಯ ಇಸವಿ. ನೈಜೀರಿಯಾ ದೇಶದ ರೈಲುಗಳನ್ನು ನಡೆಸಲು ನಮ್ಮ ಕಡೆಯ ಮಂದಿ ಬೇಕಾಗಿದ್ದರು. ದೇವಿಂದ್ರಪ್ಪ ಹೆಸರು ಕೊಟ್ಟಿದ್ದ. ಆಯ್ಕೆಯ ಕಾಗದ ಬಂದೇಬಿಟ್ಟಿತು. ಎರಡು ವರ್ಷದ ಕೆಲಸ. ಹೆಂಡತಿಯನ್ನೂ ಕರೆದೊಯ್ಯಬಹುದು. ಆದರೆ ಮೇ ಇಪ್ಪತ್ತೆಂಟರಂದು ಸೋಲಾಪುರದಲ್ಲಿ ಡಾಕ್ಟರರ ಮುಂದೆ ಇಬ್ಬರೂ ಪಾಸಾಗಬೇಕು. ಹೆಂಡತಿ ನಪಾಸಾದರೆ ಗಂಡ ಒಬ್ಬನೇ ಹೋಗಬೇಕು.

ಈ ಕೊನೆಯ ಸಾಲನ್ನು ಅಮೃತಮ್ಮ ನಾಲ್ಕು ಸಲ ಓದಿದಳು. ಚಿಂಚೋಳಿ ತಾಲ್ಲೂಕಿನ ಐನಾಪುರದ ಹುಡುಗಿ ಅವಳು. ಮದುವೆಯಾಗಿ ವಾಡಿಗೆ ಬಂದು ಒಂದು ವರ್ಷ. ಮುಂಬಯಿಗೆ, ಮದರಾಸಿಗೆ, ಸಿಕಂದರಾಬಾದಿಗೆ ಹೋಗುವ ಗಾಡಿಗಳೆಲ್ಲ ಅವಳ ಅಡಿಗೆಮನೆಯ ಕಿಟಕಿಯ ಮುಂದೆಯೇ ಹೋಗುತ್ತಿದ್ದವು. ಹಿಟ್ಟು ನಾದುತ್ತ ಅವಳು ಅವುಗಳ ಡಬ್ಬಿ ಎಣಿಸುತ್ತಿದ್ದಳು. ಕಡೆಯ ಡಬ್ಬಿ ದಾಟಿದ ಮೇಲೂ ಸ್ವಲ್ಪ ಹೊತ್ತು ಹಳಿ ಗುಂಯ್‌ಗುಟ್ಟುತ್ತಿತ್ತು. ಆ ಸದ್ದು ನಿಲ್ಲುವವರೆಗೆ ಅವಳ ಕೈ ಹಿಟ್ಟಿನಲ್ಲೇ ಇರುತ್ತಿತ್ತು. ಅವಳು ಮಾತ್ರ ಗುಲಬರ್ಗಾದಿಂದಾಚೆ ಯಾವ ಗಾಡಿಯನ್ನೂ ಹತ್ತಿದವಳಲ್ಲ.

ಕಾಗದದ ಜೊತೆ ಇಂಗ್ಲಿಷಿನ ಒಂದು ಚಿಕ್ಕ ಪುಸ್ತಕವೂ ಬಂದಿತ್ತು: 'ಉಷ್ಣದೇಶಕ್ಕೆ ಮೊದಲ ಸಲ ಹೋಗುವವರಿಗೆ ಉಪಯುಕ್ತ ಸಲಹೆಗಳು'. ರಟ್ಟು ಹರಿದಿತ್ತು. ಯಾರು, ಯಾವ ಕಾಲದಲ್ಲಿ, ಯಾರಿಗಾಗಿ ಬರೆದದ್ದೋ ತಿಳಿಯುವಂತಿರಲಿಲ್ಲ. ಕ್ವಾರ್ಟರ್ಸಿನ ಇಡೀ ಸಾಲಿನಲ್ಲಿ ಇಂಗ್ಲಿಷು ಓದಬಲ್ಲ ಹೆಂಗಸು ಎಂದರೆ ಸೇಡಂ ಕಾಲೇಜಿನಲ್ಲಿ ಪಿಯುಸಿ ಪಾಸು ಮಾಡಿದ ಅಮೃತಮ್ಮ ಒಬ್ಬಳೇ. ನಿಘಂಟು ತೆಗೆದಳು, ಪೆನ್ಸಿಲ್ಲು ಚೂಪು ಮಾಡಿದಳು, ಎರಡು ದಿನದಲ್ಲಿ ನಲವತ್ತು ಸಲಹೆಗಳನ್ನು ಕನ್ನಡದಲ್ಲಿ ಬರೆದು ಮುಗಿಸಿದಳು. ಆಮೇಲೆ ಅತ್ತೆ, ಗಂಡ, ಪಕ್ಕದ ಮನೆಯ ಜೈತುನ್ಬೀ ಮೂವರನ್ನೂ ಕೂಡಿಸಿ ಸಭೆ ನಡೆಸಿದಳು.

"ಮದಲ್ನೇದು. ಉಷ್ಣದೇಶದ ಹವಾ ಒಮ್ಮಿಗ್ಲೇ ತಡಕೊಳ್ಳಾಕ ಆಗಂಗಿಲ್ಲ. ಹೊರಡೂದಕ್ಕಿಂತ ಮದ್ಲೇ ಮೈಯಿಗಿ ರೂಢಿ ಮಾಡ್ಸಬೇಕು."

"ಅಂಗೈ ಹುಣ್ಣಿಗಿ ಕನ್ನಡಿ ಬೇಕೇನ?" ಎಂದರು ಮಹಾದೇವಮ್ಮ. "ಅಂಗಳಕ್ಕ ಹೋಗಿ ನಿಂದ್ರು. ಆಫ್ರಿಕಾ ಅಲ್ಲೇ ಅದ."

"ಅತ್ತಿ, ನಡಕ ಬಾಯಿ ಹಾಕಬ್ಯಾಡ್ರಿ. ಎರಡ್ನೇದು. ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಹೊರಗ ಹೋಗಬಾರ್ದು."

"ಇದನ್ನ ಹೇಳಾಕ ಇಂಗ್ಲಿಷ ಬೇಕಾತಾ? ನಮ್ಮ ಎಮ್ಮಿಗೂ ಗೊತ್ತದ."

"ಮೂರ್ನೇದು. ದಿನಾ ಮುಂಜಾನಿ ಬೂಟು ಝಾಡಿಸಿ ಹಾಕ್ಕೋಬೇಕು. ಚೇಳು ಇರ್ತಾವ."

ಮಹಾದೇವಮ್ಮ ಬೀಸಣಿಕೆ ನಿಲ್ಲಿಸಿದರು. "ಇದೊಂದು ಖರೆ. ಬರದಾವ ಶಾಣ್ಯಾ ಅದಾನ."

"ನಾಲ್ಕನೇದು. ಮದಲ ವಾರ ನಿಮ್ಮ ಮನಿ ಸುತ್ತಲಿನ ಹಿಮ ನೆನಪಾಗಿ ಮನಸ್ಸು ಕುಗ್ಗತದ. ಧೈರ್ಯ ಬಿಡಬಾರ್ದು."

"ಹಿಮ ಅಂದ್ರ?"

"ಬರ್ಫ."

ಮಹಾದೇವಮ್ಮ ಮನೆಯ ನಾಲ್ಕೂ ಮೂಲೆ ನೋಡಿದರು. "ನಮ್ಮ ಮನಿ ಸುತ್ತ ಬರ್ಫ ಎಲ್ಲದವಾ?"

ಅಮೃತಮ್ಮ ಕಿಟಕಿಯಾಚೆ ಕೈ ತೋರಿಸಿದಳು. "ಟೇಸನ್ನಿನ ಮುಂದ ಶರಬತ್ತಿನ ಗಾಡ್ಯಾಗ ಅದಲ್ರಿ!"

ಇಲ್ಲಿಯೇ ಪುಸ್ತಕ ಮುಚ್ಚಬೇಕಾಗಿತ್ತು. ಅದು ಹಿಮ ಬೀಳುವ ಊರಿನವರಿಗೆ ಬರೆದದ್ದು ಎಂದು ಹೊಳೆಯಬೇಕಾಗಿತ್ತು. ಆದರೆ ಅಚ್ಚಾದ ಇಂಗ್ಲಿಷು ತಪ್ಪು ಹೇಳುವುದುಂಟೇ? ನಾಲ್ಕನೆಯದಕ್ಕೆ ಒಂದು ಗೆರೆ ಹೊಡೆದು, ಉಳಿದ ಮೂವತ್ತೊಂಬತ್ತನ್ನು ಅವಳು ವೇದವಾಕ್ಯವಾಗಿ ಉಳಿಸಿಕೊಂಡಳು.

ಮರುದಿನದಿಂದ ತಾಲೀಮು ಶುರು.

ನೀರು ಕುದಿಸಿಯೇ ಕುಡಿಯಬೇಕು, ತೆರೆದ ಮಣ್ಣಿನ ಪಾತ್ರೆಯ ನೀರು ಮುಟ್ಟಬಾರದು ಎಂದಿತ್ತು. ಬೇವಿನ ನೆರಳಲ್ಲಿ ಒದ್ದೆ ಬಟ್ಟೆ ಸುತ್ತಿಕೊಂಡು ತಣ್ಣಗೆ ಕೂತಿದ್ದ ಗಡಿಗೆಗೆ ಬಹಿಷ್ಕಾರ ಬಿತ್ತು. ಕುದಿಸಿದ ನೀರನ್ನು ಆರಿಸಬೇಕು ಎಂಬ ಮಾತು ಮುಂದಿನ ಪುಟದಲ್ಲಿತ್ತು. ಹರಿದ ಪುಸ್ತಕದಲ್ಲಿ ಆ ಪುಟವೇ ಇರಲಿಲ್ಲ. ಹೀಗಾಗಿ ಅಮೃತಮ್ಮ ಹಬೆಯಾಡುವ ನೀರನ್ನು ಥರ್ಮಾಸಿನಲ್ಲಿ ತುಂಬಿಟ್ಟು ಗಂಡನಿಗೂ ಕೊಟ್ಟಳು, ತಾನೂ ಕುಡಿದಳು. ಮುಂಜಾನೆ ಕುದಿಸಿದ ನೀರು ಸಂಜೆಯವರೆಗೂ ನಾಲಿಗೆ ಸುಡುತ್ತಿತ್ತು. ಥರ್ಮಾಸು ಅಷ್ಟು ಒಳ್ಳೆಯದು!

ಹಸಿಯಾದದ್ದು ಯಾವುದನ್ನೂ ತಿನ್ನಬಾರದು. ಹಾಗಾಗಿ ರೊಟ್ಟಿಯ ಜೊತೆ ಉಳ್ಳಾಗಡ್ಡಿ ಇಲ್ಲ, ಮೆಂತ್ಯೆಸೊಪ್ಪು ಇಲ್ಲ, ಸೌತೆಕಾಯಿ ಇಲ್ಲ. ಮನೆಯಲ್ಲಿ ಕುದಿಸದ ಹಾಲಿನ ಪದಾರ್ಥ ಬೇಡ. ಮಜ್ಜಿಗೆಯನ್ನು ಯಾರಾದರೂ ಕುದಿಸುತ್ತಾರೆಯೇ? ಅಮೃತಮ್ಮ ಒಂದು ದಿನ ಕುದಿಸಿ ನೋಡಿದಳು. ಅದನ್ನು ಎಮ್ಮೆಯೂ ಮೂಸಿ ಹಿಂದೆ ಸರಿಯಿತು.

ಸೊಳ್ಳೆಯ ಭಯಕ್ಕೆ ಬಾಗಿಲು ಕಿಟಕಿ ಮುಚ್ಚಿ, ಪರದೆ ಕಟ್ಟಿಕೊಂಡು, ಮನೆಯೊಳಗೇ ಮಲಗಬೇಕು. ಬೇಸಿಗೆಯಲ್ಲಿ ವಾಡಿಯ ಮಂದಿ ಮನೆಯೊಳಗೆ ಮಲಗುವುದಿಲ್ಲ. ಅಂಗಳಕ್ಕೆ ನೀರು ಚಿಮುಕಿಸಿ, ಹೊರಸು ಹಾಕಿ, ಮಾತಾಡುತ್ತಾಡುತ್ತ ನಿದ್ದೆ ಹೋಗುತ್ತಾರೆ. ಫರಸಿಯ ಛಾವಣಿಯ ಮನೆ ಅಂದರೆ ದಿನವಿಡೀ ಕಾದ ರೊಟ್ಟಿಹಂಚು. ಆ ಹಂಚಿನ ಕೆಳಗೆ ಅಮೃತಮ್ಮ ಗಂಡನೊಂದಿಗೆ ಪರದೆ ಕಟ್ಟಿದಳು. ಎರಡನೆಯ ದಿನವೇ ದೇವಿಂದ್ರಪ್ಪ ತಲೆ ಕೆರೆದುಕೊಂಡ.

"ಅಮೃತಾ, ಶೆಡ್ನಾಗ ಮಂದಿ ಕಮ್ಮಿ ಅದಾರ. ಹದಿನೈದು ದಿನ ನೈಟ್ ಡ್ಯೂಟಿ ಬಂದದ ನನಗ."

"ಅಯ್ಯ, ನಿಮ್ಮ ತಾಲೀಮು?"

"ಅಲ್ಲೇ ಮಾಡ್ತೀನಿ ಬಿಡು. ಎಂಜಿನ್ ಮುಂದ ನಿಂತ್ರ ಉಷ್ಣದೇಶ ಅಲ್ಲೇನು?"

ಈ ಮಾತು ಅವಳಿಗೆ ನ್ಯಾಯವೆನಿಸಿತು.

ಹೊರಗೆ ಹೋಗುವಾಗ ಅಗಲ ಅಂಚಿನ ಟೋಪಿ ಕಡ್ಡಾಯ. ಅಂಥ ಟೋಪಿ ಊರಿಗೆಲ್ಲ ಒಂದೇ ಇತ್ತು, ಜೈತುನ್ಬೀ ಮನೆಯಲ್ಲಿ. ಹಿಂದೆ ಬ್ರಿಟಿಷರ ಕಾಲದಲ್ಲಿ ರೈಲಿನ ಗಾರ್ಡಾಗಿದ್ದ ಯಾರೋ ದೊರೆ ಬಿಟ್ಟುಹೋದದ್ದು. ಅದರಲ್ಲಿ ಅವಳ ಕಪ್ಪು ಕೋಳಿ ಕಾವಿಗೆ ಕೂಡುತ್ತಿತ್ತು.

"ತಗೋ ಬೇಟಿ, ನಿನಕಿಂತ ಹೆಚ್ಚೇನು ಕೋಳಿ," ಎಂದು ಜೈತುನ್ಬೀ ಟೋಪಿ ಝಾಡಿಸಿ ಕೊಟ್ಟಳು. ಕೋಳಿಗೆ ಈ ತೀರ್ಮಾನ ಒಪ್ಪಿಗೆಯಾಗಲಿಲ್ಲ. ಅಮೃತಮ್ಮ ನಲ್ಲಿಗೆ ಹೊರಟರೆ ಅದೂ ಹಿಂದೆ ಹೊರಟಿತು, ಕೊಕ್ಕೊಕ್ಕೋ ಎಂದು ಇಡೀ ಸಾಲಿಗೆ ಫಿರ್ಯಾದು ಹೇಳುತ್ತ. ಮೊಣಕಾಲಿನವರೆಗೆ ಕಾಲುಚೀಲ, ಸೀರೆಯ ಮೇಲೆ ಗಂಡನ ಉದ್ದ ತೋಳಿನ ನೀಲಿ ಅಂಗಿ, ತಲೆಯ ಮೇಲೆ ದೊರೆಯ ಟೋಪಿ, ಹಿಂದೆ ಕೋಳಿ. ಈ ಮೆರವಣಿಗೆ ನೋಡಲು ನಲ್ಲಿಯ ಹೆಂಗಸರು ಕೊಡ ತುಂಬಿದರೂ ಮನೆಗೆ ಹೋಗುತ್ತಿರಲಿಲ್ಲ.

ಇಪ್ಪತ್ತೆರಡನೆಯ ಸಲಹೆ ಎಲ್ಲದಕ್ಕಿಂತ ಹೆಚ್ಚು ರಂಪ ಮಾಡಿತು. 'ಅಲ್ಲಿನ ಜನರೊಂದಿಗೆ ನಿಧಾನವಾಗಿ, ಬಿಡಿಬಿಡಿಯಾಗಿ, ಕೈಸನ್ನೆ ಮಾಡುತ್ತ, ನಗುತ್ತ ಮಾತಾಡಿ.' ಅಭ್ಯಾಸಕ್ಕೆ ಸಿಕ್ಕವಳು ನಾಲವಾರದಿಂದ ಗಾಡಿಯಲ್ಲಿ ಕಾಯಿಪಲ್ಲೆ ತರುವ ಮರೆಮ್ಮ.

ಅಮೃತಮ್ಮ ಎದೆ ಮುಟ್ಟಿಕೊಂಡು ನಕ್ಕಳು. "ನಾನು. ಬದನಿಕಾಯಿ. ತಗೋತೀನಿ." ಬದನೆಕಾಯಿ ತೋರಿಸಿದಳು. ಮತ್ತೆ ನಕ್ಕಳು. "ನೀನು. ತೂಗು." ಕೈಯಿಂದ ತಕ್ಕಡಿ ಮಾಡಿ ತೋರಿಸಿದಳು. ಮತ್ತೂ ನಕ್ಕಳು.

ಮರೆಮ್ಮ ಬುಟ್ಟಿಯನ್ನು ಅಲ್ಲೇ ಬಿಟ್ಟು ಒಳಗೆ ಓಡಿದಳು. "ಯಕ್ಕಾ ಮಾದೇವಮ್ಮಾ, ನಿನ್ನ ಸೊಸಿಗಿ ಏನ್ ಬಡಕೊಂಡದ? ನಿನ್ನೆ ತನ ನೆಟ್ಟಗಿದ್ಳಲ್ಲ!"

"ಇಂಗ್ಲಿಷ ಬಡಕೊಂಡದ," ಎಂದರು ಮಹಾದೇವಮ್ಮ ತಣ್ಣಗೆ. "ಇಪ್ಪತ್ತೆಂಟಕ್ಕ ಇಳೀತದ."

ಮರೆಮ್ಮನಿಗೆ ಸಮಾಧಾನವಾಗಲಿಲ್ಲ. ಮರುದಿನ ನಾಲವಾರ ಮಠದ ವಿಭೂತಿ ತಂದು, ಬದನೆಕಾಯಿ ತೂಗುವ ಮೊದಲು ಅಮೃತಮ್ಮನ ಹಣೆಗೆ ಹಚ್ಚಿಯೇ ಬಿಟ್ಟಳು. ಸಂಜೆಯೊಳಗೆ ಇನ್ನಿಬ್ಬರು ಹೆಂಗಸರು ಲಿಂಬೆಹಣ್ಣು ಹಿಡಿದುಕೊಂಡು ಬಂದರು.

ಅಮೃತಮ್ಮ ಇದಕ್ಕೆಲ್ಲ ಅಂಜುವವಳಲ್ಲ. ಅವಳ ಹತ್ತಿರ ಪುರಾವೆ ಇತ್ತು! ಒಂದನೇ ಪ್ಲಾಟ್‌ಫಾರಂ ಮೇಲೆ ತೂಕದ ಯಂತ್ರವಿತ್ತಲ್ಲ, ಕಾಸು ಹಾಕಿದರೆ ಬಣ್ಣದ ದೀಪ ತಿರುಗಿ ಚೀಟಿ ಉದುರಿಸುವಂಥದು. ಎಂಟು ದಿನದ ತಾಲೀಮಿನ ಮೇಲೆ ಗಂಡನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದಳು. ತಾಲೀಮು ಶುರುವಾದ ದಿನದ ಚೀಟಿಗಿಂತ ದೇವಿಂದ್ರಪ್ಪ ಎರಡು ಕಿಲೋ ಹೆಚ್ಚಾಗಿದ್ದ.

"ನೋಡಿದ್ರಾ ಪುಸ್ತಕದ ಮಹಿಮಾ!" ಎಂದಳು.

ತಾನೂ ಹತ್ತಿದಳು. ಮೂರು ಕಿಲೋ ಕಡಿಮೆ.

"ಈ ಯಂತ್ರ ಕೆಟ್ಟದ," ಎಂದಳು.

ದೇವಿಂದ್ರಪ್ಪ ಹಳಿಯ ಕಡೆ ನೋಡುತ್ತ ನಿಂತ. ಅವನ ಮಗ್ಗುಲಲ್ಲಿ ಉಳ್ಳಾಗಡ್ಡಿಯ ವಾಸನೆ ಘಂ ಎನ್ನುತ್ತಿತ್ತು.

"ಇದೇನ್ರೀ, ಉಳ್ಳಾಗಡ್ಡಿ ನಾರ್ಲಿಕತ್ತದ?"

"ಎಂಜಿನ್ ಎಣ್ಣಿ ಅದು. ಹೊಸಾ ಮಾಲು ಬಂದದ, ಹಂಗೇ ನಾರ್ತದ."

ಅಮೃತಮ್ಮ ನಂಬಿದಳು. ಎಂಜಿನ್ನಿನ ವಿಷಯ ಅವನಿಗೆ ಗೊತ್ತು, ಪುಸ್ತಕದ ವಿಷಯ ತನಗೆ ಗೊತ್ತು ಎಂಬುದು ಆ ಮನೆಯ ಕರಾರು.

ಅಂತೂ ಇಪ್ಪತ್ತೆಂಟು ಬಂತು. ಆ ಹೊತ್ತಿಗೆ ಅವಳ ಮೈಯೆಲ್ಲ ಬೆವರುಸಾಲೆ, ಕಣ್ಣಿನ ಸುತ್ತ ಕಪ್ಪು, ತುಟಿಯಲ್ಲಿ ಬಿರುಕು. ಇವೆಲ್ಲ ಮೈ ಒಗ್ಗುತ್ತಿರುವ ಲಕ್ಷಣ ಎಂದು ಅವಳ ಅಭಿಪ್ರಾಯ. ಟೋಪಿ, ಥರ್ಮಾಸು, ಪುಸ್ತಕ ಮೂರನ್ನೂ ಹಿಡಿದುಕೊಂಡು ಸೋಲಾಪುರದ ಗಾಡಿ ಹತ್ತಿದಳು. ಶಹಾಬಾದ್ ದಾಟುವಾಗ ಕಲ್ಲಿನ ಖಣಿಗಳು ಬಿಸಿಲಲ್ಲಿ ಬೆಳ್ಳಗೆ ಉರಿಯುತ್ತಿದ್ದವು. ಎದುರಿನ ಮುದುಕಿಯೊಬ್ಬಳು ಮಜ್ಜಿಗೆಯ ತಂಬಿಗೆ ಚಾಚಿ, "ಕುಡಿ ತಂಗಿ, ಮಾರಿ ಒಣಗ್ಯಾದ," ಎಂದಳು. ಅಮೃತಮ್ಮ ನಿಧಾನವಾಗಿ, ಬಿಡಿಬಿಡಿಯಾಗಿ, ನಗುತ್ತ ಬೇಡವೆಂದಳು. ಮುದುಕಿ ಎದ್ದು ಬೇರೆ ಕಡೆ ಕೂತಳು.

ಡಾಕ್ಟರರು ವಿಜಾಪುರದ ಕಡೆಯವರು, ಕನ್ನಡ ಬಲ್ಲವರು. ಮೊದಲು ದೇವಿಂದ್ರಪ್ಪನನ್ನು ನೋಡಿದರು. ಎದೆ, ಕಣ್ಣು, ನಾಡಿ, ತೂಕ, ಎಲ್ಲ ನೋಡಿ ಬೆನ್ನು ತಟ್ಟಿದರು. "ಭೇಷ್! ಎತ್ತು ಇದ್ದಂಗ ಇದ್ದೀರಿ."

ಪರದೆಯ ಈಚೆ ನಿಂತಿದ್ದ ಅಮೃತಮ್ಮನಿಗೆ ಆ ಹೊಗಳಿಕೆ ತನಗೇ ಸಿಕ್ಕಂತಾಯಿತು. "ಎಲ್ಲಾ ಪುಸ್ತಕದ ಪ್ರಕಾರ ಮಾಡೀವ್ರಿ ಡಾಕ್ಟರ್," ಎಂದು ಹೇಳಲು ಒಂದು ಹೆಜ್ಜೆ ಮುಂದಿಟ್ಟಳು. 'ಎಲ್ಲಾ ಪುಸ್ತಕದ' ಎನ್ನುವವರೆಗೆ ಅವಳಿಗೆ ನೆನಪಿದೆ. ಆಮೇಲೆ ಗೋಡೆಯ ಸುಣ್ಣ ಹಳದಿಯಾಯಿತು, ಹಸಿರಾಯಿತು. ಟೋಪಿ ಒಂದು ಕಡೆ, ಅವಳು ಒಂದು ಕಡೆ ಬಿದ್ದರು.

ಕಣ್ಣು ಬಿಟ್ಟಾಗ ಬೆಂಚಿನ ಮೇಲಿದ್ದಳು. ಹಣೆಯ ಮೇಲೆ ಒದ್ದೆ ಬಟ್ಟೆ. ಡಾಕ್ಟರರ ಕೈಯಲ್ಲಿ ಪುಸ್ತಕ. ಅವರು ಓದುತ್ತಿದ್ದರು, ಅವರ ಭುಜ ಕುಣಿಯುತ್ತಿತ್ತು.

"ಏನವ್ವಾ, ನಿಮ್ಮೂರು ಯಾವ್ದು?"

"ವಾಡಿ ರಿ."

"ವಾಡ್ಯಾಗ ಇದ್ದು ಇದರ ಪ್ರಕಾರ ನಡದೀರಿ? ಹದಿನೈದು ದಿನ?" ಡಾಕ್ಟರರು ದೇವಿಂದ್ರಪ್ಪನ ಕಡೆ ತಿರುಗಿದರು. "ಅಲ್ರೀ, ನೀವೂ ಹಿಂಗೇ ಮಾಡಿದ್ರ ನೀವ್ಯಾಕ ಬಿದ್ದಿಲ್ಲ? ಏನ್ ತಿಂತಿದ್ರಿ?"

ದೇವಿಂದ್ರಪ್ಪ ಹೆಂಡತಿಯನ್ನು ನೋಡಿದ, ಡಾಕ್ಟರರನ್ನು ನೋಡಿದ. ಡಾಕ್ಟರರ ಮುಂದೆ ಸುಳ್ಳು ಹೇಳಿದರೆ ಫಾರಂ ರದ್ದಾಗುತ್ತದೆ ಎಂದು ಗೋಡೆಯ ಮೇಲೆ ಬರೆದಿತ್ತು.

"ರೊಟ್ಟಿ ರಿ. ಹಸಿ ಉಳ್ಳಾಗಡ್ಡಿ, ಪುಂಡಿಪಲ್ಯಾ. ಒಂದ್ ಚರಗಿ ಮಜ್ಜಿಗಿ."

ಅಮೃತಮ್ಮ ಎದ್ದು ಕೂತಳು. "ಯಾರ್ ಕೊಟ್ರು?"

"ಅವ್ವ ಬುತ್ತಿ ಕಟ್ಟಿ ಜೈತುನ್ಬೀ ಕೈಯಾಗ ಕೊಡ್ತಿದ್ಳು. ಆಕಿ ಗಂಡ ಲಾಲ್ ಅಹ್ಮದ್ ಎಂಜಿನ್ ಡ್ರೈವರ್ ಅಲ್ಲಾ, ಅವ ಶೆಡ್ಡಿಗಿ ತರ್ತಿದ್ದ."

"ಮತ್ತ ನೈಟ್ ಡ್ಯೂಟಿ?"

"ಪ್ಲಾಟ್‌ಫಾರಂ ಬೆಂಚಿನ ಮ್ಯಾಲ ಛಲೋ ಗಾಳಿ ಬರ್ತದ."

ಡಾಕ್ಟರರು ಕೆಮ್ಮಿ ನಗು ನುಂಗಿದರು. ಬರೆಯಲು ಕೂತಾಗ ಮಾತ್ರ ಅವರ ಮುಖ ಗಂಭೀರವಾಯಿತು. "ನೋಡವ್ವಾ, ಇವರು ಪಾಸು. ನಿನ್ನ ಹಿಂಗ ಕಳಿಸಾಕ ಬರಂಗಿಲ್ಲ. ಹತ್ತು ದಿನ ಬಿಟ್ಟು ಮತ್ತ ಬಾ. ಅವತ್ತೂ ಹಿಂಗೇ ಇದ್ದಿ ಅಂದ್ರ, ಇವರು ಒಬ್ರೇ ಹೋಗಬೇಕಾಗ್ತದ."

"ಈ ಪುಸ್ತಕ ಸುಳ್ಳೇನ್ರಿ?"

"ಸುಳ್ಳಲ್ಲ. ಬರ್ಫದಾಗ ಹುಟ್ಟಿದವ್ರಿಗಿ ಖರೆ. ನೀರು ಕಾಸೂದೂ ಖರೆ. ಕಾಸಿ ಆರಿಸಿ ಕುಡಿ, ಸುಡಸುಡ ಕುಡೀಬ್ಯಾಡ."

ಮರಳುವ ಗಾಡಿಯಲ್ಲಿ ಗುಲಬರ್ಗಾ ಬರುವವರೆಗೆ ಅವಳು ಥರ್ಮಾಸನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು. ಕಿಟಕಿಯ ಸರಳಿಗೆ ಹಣೆ ಆನಿಸಿದ್ದಳು. ಹೊರಗೆ ಉತ್ತು ಬಿಟ್ಟ ಕರಿನೆಲ ಹಿಂದೆ ಹಿಂದೆ ಸರಿಯುತ್ತಿತ್ತು. ಜೀವನದಲ್ಲಿ ಮೊದಲ ಸಲ ಇಷ್ಟು ದೂರದ ಗಾಡಿ ಹತ್ತಿದ್ದಳು, ಏನೂ ಕಣ್ಣಿಗೆ ಬೀಳಲಿಲ್ಲ.

"ನನಗ ಮೋಸ ಮಾಡಿದ್ರಿ ನೀವು," ಎಂದಳು ಕಡೆಗೆ.

"ನಿನಗ ಎಲ್ಲಿ ಮಾಡ್ದೆ? ಪುಸ್ತಕಕ್ಕ ಮಾಡ್ದೆ."

"ನನಗರೆ ಹೇಳಬಾರ್ದಿತ್ತಾ?"

"ಹೇಳಿದ್ರ ಕೇಳ್ತಿದ್ದೇನ ನೀ? ನಲವತ್ತು ನಂಬರ್ ಹಾಕಿ ಗ್ವಾಡಿಗಿ ಅಂಟಿಸಿದ್ದಿ." ದೇವಿಂದ್ರಪ್ಪ ಮೆಲ್ಲಗೆ ಹೇಳಿದ, "ನೀ ಬರ್ಲಿಲ್ಲಂದ್ರ ನಾನೂ ಹೋಗಂಗಿಲ್ಲ ಬಿಡು."

ಈ ಮಾತು ಅವಳಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಇಷ್ಟು ದಿನ ತನ್ನ ಪ್ರಯಾಣವೊಂದೇ ತೂಗುತ್ತಿದೆ ಅಂದುಕೊಂಡಿದ್ದಳು. ಈಗ ಅವನದೂ ಅದೇ ತಕ್ಕಡಿಯಲ್ಲಿ ಬಂದು ಕೂತಿತು.

ಮನೆಗೆ ಬಂದವಳೇ ಗೋಡೆಯ ಪಟ್ಟಿಯನ್ನು ಕಿತ್ತು ಒಲೆಗೆ ಹಾಕಿದಳು. ಟೋಪಿಯನ್ನು ಜೈತುನ್ಬೀಗೆ ಒಪ್ಪಿಸಿದಳು. ಆಮೇಲೆ ಅತ್ತೆಯ ಎದುರಿಗೆ ಬಂದು ಕಂಬದಂತೆ ನಿಂತಳು.

ಮಹಾದೇವಮ್ಮ ತಲೆ ಎತ್ತಲಿಲ್ಲ. "ಏನಂದ್ರು ಡಾಕ್ಟರ್ ಸಾಹೇಬ್ರು?"

"ಹತ್ತು ದಿನ ಟೈಮ ಕೊಟ್ಟಾರ್ರಿ."

"ಹೂಂ."

"ಅತ್ತಿ, ನನಗ ಈ ಬ್ಯಾಸಗಿ ದಾಟೂದು ಹ್ಯಾಂಗಂತ ಹೇಳ್ರಿ."

ಮಹಾದೇವಮ್ಮ ಈಗ ತಲೆ ಎತ್ತಿದರು. ಸೊಸೆಯ ಒಡೆದ ತುಟಿ, ಕತ್ತಿನ ಬೆವರುಸಾಲೆ ನೋಡಿದರು. ನಾಲಿಗೆಯ ತುದಿಗೆ ಬಂದಿದ್ದ ಹತ್ತು ಮಾತುಗಳಲ್ಲಿ ಒಂಬತ್ತನ್ನು ನುಂಗಿದರು. ಒಂದನ್ನು ಮಾತ್ರ ಬಿಟ್ಟರು. "ಪೆನ್ಸಿಲ್ ತಗೊಂಡ್ ಬಂದೀಯೇನು, ಇಲ್ಲಾ ಹಂಗೇ ನೆನಪಿಟ್ಕೋತೀ?"

ಬರೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಮುಂಜಾನೆ ಎದ್ದು ಒಂದು ಚೊಂಬು ಜೋಳದ ಅಂಬಲಿ. ಬಿಸಿಲೇರುವುದರೊಳಗೆ ಹೊರಗಿನ ಕೆಲಸ ಮುಗಿಸಿ ಬಾಗಿಲು ಓರೆ ಮಾಡುವುದು. ಕುದಿಸಿ ಆರಿಸಿದ ನೀರನ್ನು ಗಡಿಗೆಗೆ ತುಂಬಿ, ಒದ್ದೆ ಬಟ್ಟೆ ಸುತ್ತಿ ಬೇವಿನ ಕೆಳಗೆ ಇಡುವುದು. ಗಡಿಗೆಯ ವಿಷಯದಲ್ಲಿ ಡಾಕ್ಟರರೂ ಮಹಾದೇವಮ್ಮನೂ ಹೀಗೆ ರಾಜಿಯಾದರು. ಮಧ್ಯಾಹ್ನ ರೊಟ್ಟಿಯ ಜೊತೆ ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ, ಬೇಕಾದಷ್ಟು ಮಜ್ಜಿಗೆ. ತೊಟ್ಟು ತೊಟ್ಟು ಮೆತ್ತಗಾದ ಹಳೆಯ ಇಲಕಲ್ ಸೀರೆ. ಸಂಜೆ ಅಂಗಳಕ್ಕೆ ಹತ್ತು ಕೊಡ ನೀರು. ಫರಸಿ ಮೊದಲು ಹಬೆಯಾಡಿ, ಆಮೇಲೆ ತಣ್ಣಗಾಗಿ, ಮಣ್ಣಿನ ವಾಸನೆ ಬಿಡುತ್ತಿತ್ತು. ಅತ್ತೆಯ ಹೊರಸಿನ ಪಕ್ಕದಲ್ಲೇ ಅವಳ ಹೊರಸು.

ಮರೆಮ್ಮ ಮೂರನೆಯ ದಿನ ಬಂದಾಗ ಅಮೃತಮ್ಮ ಬದನೆಕಾಯಿಯ ಬುಟ್ಟಿಗೆ ಕೈ ಹಾಕಿ, "ಏನ್ ಮರೆವ್ವಾ, ನಿನ್ನಿ ಮಾಲೆಲ್ಲಾ ಇವತ್ತು ನಮಗ ಹಚ್ಲಿಕ್ಕ ಬಂದೀಯೇನು? ಹುಳುಕು ನೋಡು ಇದು!" ಎಂದಳು.

ಮರೆಮ್ಮ ಕೈ ಮುಗಿದಳು. "ಇಳೀತು ಬಿಡವ್ವಾ! ನಮ್ಮ ಮಠದ ವಿಭೂತಿ ಅಂದ್ರ ಹಂಗದ."

ಮೃಗಶಿರಾ ಮಳೆ ಇನ್ನೂ ಕೂಡಿರಲಿಲ್ಲ. ಹತ್ತು ದಿನದಲ್ಲಿ ಬಿಸಿಲು ಒಂದು ಎಳೆಯೂ ಇಳಿದಿರಲಿಲ್ಲ. ಅದೇ ಗಾಡಿಯಲ್ಲಿ, ಅದೇ ಖಣಿಗಳನ್ನು ದಾಟಿ, ಅಮೃತಮ್ಮ ಮತ್ತೆ ಸೋಲಾಪುರಕ್ಕೆ ಬಂದಳು. ಈ ಸಲ ಹೊರಗಿನ ಹೊಲ, ಊರು, ಸೇತುವೆ ಎಲ್ಲವೂ ಕಂಡವು.

ಡಾಕ್ಟರರು ನಾಡಿ ನೋಡಿದರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ತೂಕದ ಮುಳ್ಳು ನೋಡಿದರು. ಹಳೆಯ ಕಾಗದವನ್ನೂ ಅವಳನ್ನೂ ಎರಡು ಸಲ ಹೋಲಿಸಿದರು.

"ಅಲ್ಲವ್ವಾ, ಅವತ್ತು ಒಣಗಿದ ಹೀರಿಕಾಯಿ ಹಂಗ ಇದ್ದಿ. ಹತ್ತು ದಿನದಾಗ ಹಿಂಗ ಆಗಬೇಕಂದ್ರ, ಈಗ ಯಾವ ಪುಸ್ತಕ ಓದಿದಿ?"

ಅಮೃತಮ್ಮ ಸೆರಗು ಎಳೆದುಕೊಂಡು ನೆಲ ನೋಡಿದಳು.

"ಪುಸ್ತಕ ಏನೂ ಓದಿಲ್ರಿ ಡಾಕ್ಟರ್," ಎಂದಳು. "ಬರೇ ವಾಡ್ಯಾಗ ಇದ್ದೆ."

ಡಾಕ್ಟರರು ಪಾಸಿನ ಠಸ್ಸೆ ಒತ್ತಿದರು.